ಪ್ರವಾಸಿಯೂ ಪರಾನ್ನವೂ

ರಸವೆಂದರೇನೆಂಬುದನ್ನು ವಿವರಿಸಹೊರಟ ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅಡಿಗೆಯನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿರುವನೆಂಬುದು ಅಲಂಕಾರಶಾಸ್ತ್ರವನ್ನು ವ್ಯಾಸಂಗಮಾಡಿದವರಿಗೆಲ್ಲ ತಿಳಿದ ಸಂಗತಿ. ಬಗೆಬಗೆಯ ವ್ಯಂಜನಗಳಿಂದ ಹದಗೊಂಡ ಅನ್ನವನ್ನುಂಡು ಅದರ ಸವಿಯನ್ನರಿಯುವವರು ಹೇಗೋ, ಭಾವಾಭಿನಯಗಳಿಂದ ಕೂಡಿದ ನಾಟ್ಯವನ್ನು ಕಂಡು ಹರ್ಷಿಸುವ ಪ್ರೇಕ್ಷಕರೂ ಹಾಗೆಯೇ ಎಂಬುದು ಆತನ ಮಾತಿನ ತಾತ್ಪರ್ಯ. ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಉಣ್ಣುವವರಿಗೂ ನೋಡುವವರಿಗೂ ಭರತನು ಒಂದೇ ವಿಶೇಷಣವನ್ನು ಕೊಟ್ಟಿರುವನು. ಅದು ‘ಸುಮನಸರು’ ಎಂಬುದು. ಚುರುಕಾದ ನಾಲಿಗೆಯುಳ್ಳವರೆಂದು ಹೇಳದೆ ಒಳ್ಳೆಯ ಮನಸ್ಸುಳ್ಳವರೆಂದು ಹೇಳಿದನು. ಅಡಿಗೆಯಿಂದ ಕಾವ್ಯಕ್ಕೆ ಹೋದ ಈ ಒರೆಗಲ್ಲನ್ನು ಮರಳಿ ಅಡಿಗೆಯ ಕಡೆಗೆ ತಂದು, ದೇಶಸಂಚಾರಮಾಡಿ ಪರಸ್ಥಳಗಳ ಊಟೋಪಚಾರಗಳನ್ನು ವರ್ಣಿಸುವ ಬರಹಗಳನ್ನು ಅದರ ಮೇಲೆ ತಿಕ್ಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಇಂತಹ ಬರಹಗಳಿಗೆ ಈಗ ಕೊರತೆಯಿಲ್ಲ. ಮಾಸಪತ್ರಿಕೆಗಳಲ್ಲಿಯೂ, ದಿನಪತ್ರಿಕೆಗಳ ಪುರವಣಿಗಳಲ್ಲಿಯೂ, ಬಿಡಿಪುಸ್ತಕಗಳಲ್ಲಿಯೂ ಅವು ಮೇಲಿಂದ ಮೇಲೆ ಹೊರಬರುತ್ತಿವೆ. ಸಂಚಾರಸೌಕರ್ಯವು ಹೆಚ್ಚಿದುದರಿಂದ ಬರೆಯುವವರೂ ಹೆಚ್ಚಿದ್ದಾರೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಅವುಗಳಲ್ಲಿ ಬಹುಭಾಗವು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಕಾಣುತ್ತದೆ. ಊರಿಗೊಂದು ತಿಂಡಿ, ತಿಂಡಿಗೊಂದು ಅಂಗಡಿ, ಅಂಗಡಿಗೊಂದು ಹೊಗಳಿಕೆ. ಇಷ್ಟಾದರೆ ಗ್ರಂಥ ಮುಗಿಯಿತು. ದಾವಣಗೆರೆಗೆ ಬಂದವನು ಬೆಣ್ಣೆದೋಸೆಯನ್ನು ಹೊಗಳುವನು. ಸಂಜೆಗೆ ಮಂಡಕ್ಕಿ ಮೆಣಸಿನಕಾಯಿಯನ್ನು ಹೊಗಳುವನು. ಮರುದಿನ ಸೂಳೆಕೆರೆಯ ಏರಿಯ ಮೇಲೆ ನಿಂತು ಛಾಯಾಚಿತ್ರವನ್ನು ತೆಗೆಯಿಸಿಕೊಂಡು, ಕೆರೆಯ ಹೆಸರಿನ ವಿಷಯವಾಗಿ ಒಂದು ಚೇಷ್ಟೆಯ ಮಾತನ್ನಾಡಿ, ಮುಂದಿನ ಊರಿನ ದಾರಿಯನ್ನು ಹಿಡಿಯುವನು. ದೋಸೆಯೂ ‘ಅಮೋಘ’, ಮಂಡಕ್ಕಿಯೂ ‘ಅಮೋಘ’, ಕೆರೆಯೂ ‘ಅಮೋಘ’! ಕಾವ್ಯದಲ್ಲಿ ಗುಣಾಲಂಕಾರಗಳೆಲ್ಲ ತಕ್ಕ ಸ್ಥಾನದಲ್ಲಿದ್ದರೆ ಮಾತ್ರ ಶೋಭಿಸುವುವೆಂದು ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯಲ್ಲಿ ಸಾಧಿಸಿರುವನು. ಎಲ್ಲ ಊರಿಗೂ ಸಲ್ಲುವ ವಿಶೇಷಣವು ಯಾವ ಊರಿಗೂ ಸಲ್ಲದು.

ಪೂರ್ವದ ಪ್ರವಾಸಿಗಳು ಹೇಗೆ ಬರೆದರೆಂಬುದನ್ನು ನೋಡಿದರೆ ಈ ದೋಷವು ಇನ್ನೂ ಸ್ಪಷ್ಟವಾಗುವುದು. ಕನ್ನಡನಾಡಿನಲ್ಲಿ ಉಂಡು, ಉಂಡುದನ್ನು ಬರೆಯಿಸಿಟ್ಟ ಪರದೇಶೀಯರಲ್ಲಿ ಮೊರಾಕೊ ದೇಶದ ಇಬನ್ ಬತೂತನು ಪ್ರಮುಖನು. ಈತನು 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದು ಅಲ್ಲಿಯ ಸುಲ್ತಾನನ ಅತಿಥಿಯಾಗಿದ್ದನು. 1355ರಲ್ಲಿ ಮುಗಿದ ಆತನ ಪ್ರವಾಸಗ್ರಂಥದಲ್ಲಿ ಆ ಅರಮನೆಯ ಊಟದ ಕ್ರಮವು ವಿವರವಾಗಿ ಬಂದಿದೆ. ತಾಮ್ರದ ಪೀಠ, ಅದರ ಮೇಲೆ ತಾಮ್ರದ ತಟ್ಟೆ. ರೇಷ್ಮೆಯುಟ್ಟ ಪರಿಚಾರಿಕೆಯೊಬ್ಬಳು ದೊಡ್ಡ ಸೌಟಿನಿಂದ ಅನ್ನವನ್ನು ಬಡಿಸಿ ತುಪ್ಪವನ್ನೆರೆಯುವಳು. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಮತ್ತೊಂದು ಸೌಟು ಅನ್ನಕ್ಕೆ ಕೋಳಿಯ ಮಾಂಸ, ಅನಂತರ ಮೀನು, ಆ ಬಳಿಕ ಕಾಯಿಪಲ್ಲೆ, ಕೊನೆಗೆ ಮೊಸರು. ಮೊಸರು ಬಂದಿತೆಂದರೆ ಇನ್ನು ಬರತಕ್ಕ ಪದಾರ್ಥವಿಲ್ಲವೆಂದು ತಿಳಿಯಬೇಕೆಂದು ಆತನು ಸೂಚಿಸಿರುವನು.

ವಾಚಕರು ಈ ಕೊನೆಯ ಮಾತನ್ನು ಮನನ ಮಾಡಬೇಕು. ಮೊಸರು ಹುಳಿಯಾಗಿತ್ತೋ ಸಿಹಿಯಾಗಿತ್ತೋ ಎಂಬುದನ್ನು ಹೇಳುವುದಕ್ಕೆ ನಾಲಿಗೆ ಸಾಕು. ಮೊಸರಿನಿಂದ ಊಟ ಮುಗಿಯುವುದೆಂಬುದನ್ನು ಹೇಳುವುದಕ್ಕೆ ಬಡಿಸುವವರ ಕೈಯನ್ನೂ ಪಂಕ್ತಿಯ ಮರ್ಯಾದೆಯನ್ನೂ ಕಂಡಿರಬೇಕು. ಸುಮಾರು ಏಳು ಶತಮಾನಗಳಾದ ಮೇಲೂ ಕನ್ನಡಿಗರ ಎಲೆಯ ಮೇಲೆ ಮೊಸರನ್ನವೇ ಭರತವಾಕ್ಯವಾಗಿರುವುದನ್ನು ನೆನೆದರೆ, ಪರದೇಶಿಯು ಬರೆದ ಆ ಒಂದು ವಾಕ್ಯದ ಬೆಲೆ ತಿಳಿದುಬರುವುದು. ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂಬುದನ್ನೂ ಆತನು ಬರೆದಿಟ್ಟಿರುವನು. ಆತನು ಹೊಗಳುಭಟ್ಟನೂ ಅಲ್ಲ. ಹನ್ನೊಂದು ತಿಂಗಳು ಅಲ್ಲಿದ್ದು ರೊಟ್ಟಿಯ ಮುಖವನ್ನು ಕಾಣಲಿಲ್ಲವೆಂದೂ, ಕರಾವಳಿ ಮತ್ತು ದ್ವೀಪಗಳಲ್ಲಿ ಬಹುಕಾಲ ಅನ್ನವೊಂದನ್ನೇ ತಿಂದುದರಿಂದ ನೀರು ಕುಡಿದಲ್ಲದೆ ಅದು ಗಂಟಲಿನಲ್ಲಿ ಇಳಿಯದಂತಾಯಿತೆಂದೂ ಹೇಳಿಕೊಂಡಿರುವನು. ಆದರೆ ಈ ಕಷ್ಟವು ತನ್ನ ಅಭ್ಯಾಸದ್ದು, ಆತಿಥ್ಯದ್ದಲ್ಲ ಎಂಬ ವಿವೇಕವು ಆ ಮಾತಿನಲ್ಲಿಯೇ ಇದೆ. ಕುಂದೊಂದನ್ನು ಹೇಳುವುದಾದರೆ, ಬಡಿಸಿದವಳ ರೇಷ್ಮೆ ಆತನಿಗೆ ಕಂಡಿತು. ಒಳಗೆ ಬೇಯಿಸಿದವರಾರೆಂಬುದು ಕಾಣಲಿಲ್ಲ.

ವಿಜಯನಗರಕ್ಕೆ ಬಂದ ಪೋರ್ತುಗೀಸರ ಬಗೆ ಬೇರೆ. ಡೊಮಿಂಗೊ ಪಾಯಸನು 1520ರ ಸುಮಾರಿನಲ್ಲಿಯೂ, ಫೆರ್ನಾಂವ್ ನೂನಿಜನು 1535ರ ಸುಮಾರಿನಲ್ಲಿಯೂ ಅಲ್ಲಿದ್ದರು. ಪಾಯಸನು ಪೇಟೆಯ ಧಾನ್ಯರಾಶಿಗಳನ್ನೂ ಕೋಳಿಗಳ ಕ್ರಯವನ್ನೂ ಹೇಳುವನು. ಮನುಷ್ಯರೂ ಕುದುರೆಗಳೂ ತಿನ್ನುವ ಕಾಳೊಂದನ್ನು ವಿಶೇಷವಾಗಿ ಗಮನಿಸುವನು. ಕುದುರೆಯ ವ್ಯಾಪಾರವು ನಡೆಯುತ್ತಿದ್ದ ಕಾಲದಲ್ಲಿ ಇದು ಸಹಜವೇ. ಕ್ರಯವನ್ನು ಬರೆದವನು ರುಚಿಯನ್ನು ಬರೆಯಲಿಲ್ಲವೆಂದು ಆತನನ್ನು ಹಳಿಯಬೇಕಾಗಿಲ್ಲ. ಬೆಲೆಯನ್ನು ಬರೆದುದರಿಂದ ಆ ಕಾಲದ ಬಡವನು ಏನನ್ನು ಕೊಳ್ಳಬಲ್ಲವನಾಗಿದ್ದನೆಂಬುದು ಇಂದಿಗೂ ತಿಳಿಯುತ್ತದೆ. ನೂನಿಜನಾದರೋ ರಾಜರ ಭೋಜನಪದಾರ್ಥಗಳ ಪಟ್ಟಿಯಲ್ಲಿ ಇಲಿ, ಬೆಕ್ಕು, ಹಲ್ಲಿಗಳನ್ನೂ ಸೇರಿಸಿ ಓದುಗರನ್ನು ಬೆಚ್ಚಿಬೀಳಿಸಿರುವನು. ಇದು ಕೇವಲ ಮ್ಲೇಚ್ಛಕಲ್ಪನೆಯೆಂದು ತಳ್ಳಿಹಾಕಬೇಕೆನ್ನುವವರು ಮಾನಸೋಲ್ಲಾಸದ ಅನ್ನಭೋಗಪ್ರಕರಣವನ್ನು ನೋಡಬೇಕು. ಕಲ್ಯಾಣದ ಚಾಳುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ, ಸಂಸ್ಕೃತಶ್ಲೋಕಗಳಲ್ಲಿ, ಹೊಲದ ಇಲಿಗಳನ್ನು ಸಂಸ್ಕರಿಸುವ ಕ್ರಮವನ್ನು ಸಂಕೋಚವಿಲ್ಲದೆ ಹೇಳಿರುವನು. ನೂನಿಜನ ಪಟ್ಟಿಯೆಲ್ಲವೂ ಇದರಿಂದ ಸಿದ್ಧವಾಗದು. ಆದರೆ ಪರಕೀಯನ ಮಾತೆಂಬ ಒಂದೇ ಕಾರಣದಿಂದ ಅದು ಸುಳ್ಳಾಗುವುದಿಲ್ಲವೆಂಬುದಂತೂ ಸಿದ್ಧವಾಯಿತು. ಪೂರ್ವಜರು ತಿಂದುದನ್ನು ಮರೆಮಾಚುವುದು ಆತಿಥೇಯರ ದೌರ್ಬಲ್ಯ; ಆ ದೌರ್ಬಲ್ಯಕ್ಕೆ ಔಷಧವು ಒಮ್ಮೊಮ್ಮೆ ಪ್ರವಾಸಿಯ ಲೇಖನಿಯಿಂದಲೇ ದೊರೆಯುವುದು.

ಮೂರನೆಯ ಬಗೆಯವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನಾನಂತರ ವೆಲ್ಲೆಸ್ಲಿಯ ಅಪ್ಪಣೆಯಂತೆ 1800 ಮತ್ತು 1801ರಲ್ಲಿ ಮೈಸೂರು ಸೀಮೆ, ಕನ್ನಡಜಿಲ್ಲೆ, ಮಲೆಯಾಳಗಳಲ್ಲಿ ಸಂಚರಿಸಿ, 1807ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದನು. ರಾಗಿಯನ್ನು ಬಿತ್ತುವ ಮೊದಲು ಎಷ್ಟು ಸಲ ಉಳಬೇಕು, ಬೀಜವೆಷ್ಟು, ಫಲವೆಷ್ಟು, ಕಂದಾಯವೆಷ್ಟು ಎಂಬುದನ್ನೆಲ್ಲ ರೈತರನ್ನು ಕೇಳಿ ಬರೆದುಕೊಂಡನು. ಉಂಡು ತೃಪ್ತನಾದೆನೆಂಬ ಮಾತನ್ನು ಅವನಲ್ಲಿ ಹುಡುಕುವುದು ವ್ಯರ್ಥ. ಆಳುವವರ ಲೆಕ್ಕಕ್ಕಾಗಿ ಬರೆದ ಗ್ರಂಥವದು. ಆದರೂ ಮುದ್ದೆಯನ್ನು ‘ಅಮೋಘ’ವೆಂದು ಹೊಗಳುವ ನೂರು ಬರಹಗಳಿಗಿಂತ ಮುದ್ದೆಯ ಹಿಂದಿನ ಬೆವರಿನ ವಿಚಾರವು ಆ ಒಣಲೆಕ್ಕದಲ್ಲಿ ಹೆಚ್ಚಾಗಿ ಸಿಕ್ಕುತ್ತದೆ.

ಹೀಗೆ ಒಬ್ಬನಿಗೆ ಬಡಿಸುವ ಕ್ರಮ, ಒಬ್ಬನಿಗೆ ಮಾರುವ ಬೆಲೆ, ಒಬ್ಬನಿಗೆ ಬೆಳೆಯುವ ಬಗೆ ಕಂಡುವು. ಒಬ್ಬೊಬ್ಬನೂ ಅಪೂರ್ಣನೇ, ಆದರೆ ಒಬ್ಬೊಬ್ಬನೂ ತನ್ನ ನಾಲಿಗೆಯ ಆಚೆಗಿನ ಒಂದನ್ನು ಕಂಡನು.

ಸ್ವದೇಶೀಯರಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಪಂಗಡವಿದ್ದಿತು. ಪರಾನ್ನವು ವರ್ಜ್ಯವೆಂದು ತಿಳಿದು, ಅವಲಕ್ಕಿ ಹುರಿಹಿಟ್ಟುಗಳ ಬುತ್ತಿಯನ್ನು ಕಟ್ಟಿಕೊಂಡು, ಇಳಿದಲ್ಲಿ ಸ್ವಯಂಪಾಕ ಮಾಡಿಕೊಂಡು ಕಾಶೀರಾಮೇಶ್ವರಗಳನ್ನು ಮುಟ್ಟಿಬಂದವರು ಬಹುಮಂದಿ. ಅವರು ಊರುಗಳನ್ನು ಕಂಡರು. ಊರಿನ ಹೊಸ್ತಿಲನ್ನು ದಾಟಲಿಲ್ಲ. ಆ ಆಚಾರವು ಆತ್ಮನಿಗ್ರಹಕ್ಕಾಗಿ ಏರ್ಪಟ್ಟುದೇ ಹೊರತು ಅನ್ಯರ ಅನ್ನವನ್ನು ಹೀನೈಸುವುದಕ್ಕಾಗಿ ಅಲ್ಲವೆಂದು ಶಾಸ್ತ್ರಪಕ್ಷಪಾತಿಗಳು ಹೇಳಬಹುದು. ಆದರೆ ವ್ಯವಹಾರದಲ್ಲಿ ಅದು ಹೀನೈಸುವುದಕ್ಕೇ ಸಾಧನವಾದುದನ್ನು ಯಾರೂ ಅಲ್ಲಗಳೆಯಲಾರರು. ಅನ್ನವನ್ನು ನಿಂದಿಸಬಾರದು, ಮನೆಗೆ ಬಂದವರನ್ನು ಹಿಂದಿರುಗಿಸಬಾರದು ಎಂದು ತೈತ್ತಿರೀಯೋಪನಿಷತ್ತು ವಿಧಿಸಿರುವ ವ್ರತಗಳನ್ನು ನಿತ್ಯವೂ ಪಾರಾಯಣಮಾಡುತ್ತಲೇ ನೆರೆಮನೆಯ ಅನ್ನಕ್ಕೆ ಮೂಗುಮುರಿದವರಿಗೆ ಲೆಕ್ಕವುಂಟೆ?

ಈಗಿನ ಪ್ರವಾಸಿಗಳು ಆ ಮಡಿಯನ್ನು ಬಿಟ್ಟರು, ಒಳ್ಳೆಯದಾಯಿತು. ಆದರೆ ಮಡಿಯ ಜಾಗದಲ್ಲಿ ಚಾಪಲ್ಯವು ಬಂದು ಕುಳಿತಿದೆ. ಸಿಕ್ಕಿದುದನ್ನೆಲ್ಲ ತಿಂದು ನೋಡುವುದೇ ಒಂದು ಸಾಹಸವೆಂದು ಕೆಲವರು ಭಾವಿಸಿರುವಂತೆ ತೋರುತ್ತದೆ. ಮಲೆನಾಡಿನ ಚಗಳಿಯಿರುವೆಯ ಚಟ್ನಿಯನ್ನು ವರ್ಣಿಸುವಾಗ ಇಂಥವರ ಕಣ್ಣು ಚಟ್ನಿಯ ಮೇಲಾಗಲಿ ಅರೆದವಳ ಮೇಲಾಗಲಿ ಇರುವುದಿಲ್ಲ. ತಿಂದವನ ಧೈರ್ಯವನ್ನು ಓದುಗರು ಕಂಡರೋ ಇಲ್ಲವೋ ಎಂಬುದರ ಮೇಲಿರುತ್ತದೆ. ತಿನ್ನದೆ ದೂರ ನಿಂತವನೂ, ತಿಂದು ಡಂಗುರ ಹೊಡೆದವನೂ ಒಂದೇ ತಪ್ಪನ್ನು ಮಾಡಿದರು. ಇಬ್ಬರಿಗೂ ಇನ್ನೊಬ್ಬರ ನಿತ್ಯಾನ್ನವು ಒಂದು ವಿಕಾರವಾಗಿಯೇ ಕಂಡಿತು.

ಹೊಸಗನ್ನಡದಲ್ಲಿ ಈ ಎರಡು ದೋಷಗಳಿಂದಲೂ ಪಾರಾದ ಬರಹಕ್ಕೆ ಬಿ. ಜಿ. ಎಲ್. ಸ್ವಾಮಿಯವರದು ಮಾದರಿಯೆನ್ನಬಹುದು. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಂದಿಗೆ ಕಾಡುಮೇಡುಗಳನ್ನು ಸುತ್ತಿದ ಸಸ್ಯಶಾಸ್ತ್ರಜ್ಞನ ಸಂಚಾರಕಥನ. ಅಲ್ಲಿ ಗಿಡವೂ ಮನುಷ್ಯನೂ ಹಾಸ್ಯವೂ ಒಂದೇ ಬುತ್ತಿಯಲ್ಲಿವೆ. ಪ್ರಕೃತಕ್ಕೆ ಇನ್ನೂ ಹತ್ತಿರವಾದುದು ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಕನ್ನಡಿಗರು ನಿತ್ಯವೂ ಉಣ್ಣುವ ಎಷ್ಟೋ ಪದಾರ್ಥಗಳು ಸಾಗರದಾಚೆಯಿಂದ ಬಂದುವೆಂಬುದನ್ನು ಆ ಗ್ರಂಥವು ತೋರಿಸಿಕೊಡುತ್ತದೆ. ಉಳಿದವರು ಅನ್ನವನ್ನು ಹುಡುಕಿಕೊಂಡು ಪ್ರವಾಸಹೋದರೆ, ಸ್ವಾಮಿಯವರು ಅನ್ನವೇ ಮಾಡಿದ ಪ್ರವಾಸವನ್ನು ಬರೆದರು. ಹೊನ್ನಾವರದ ಅರಮನೆಯಲ್ಲಿ ಇಬನ್ ಬತೂತನಿಗೆ ಕಾಳುಮೆಣಸಿನ ಉಪ್ಪಿನಕಾಯಿಯನ್ನು ಬಡಿಸಿದುದೇಕೆಂದರೆ, ಮೆಣಸಿನಕಾಯಿಯು ಆಗ ಈ ದೇಶಕ್ಕೆ ಬಂದೇ ಇರಲಿಲ್ಲ.

ಈ ಜ್ಞಾನವನ್ನು ಕಣ್ಣಿಗೆ ಹಚ್ಚಿಕೊಂಡು ದಾವಣಗೆರೆಯ ದೋಸೆಯನ್ನು ಮತ್ತೊಮ್ಮೆ ನೋಡಬೇಕು. ಅದರ ಸಂಗಡ ಕೊಡುವ ಪಲ್ಯದ ಆಲೂಗಡ್ಡೆಯೂ ಚಟ್ನಿಯ ಮೆಣಸಿನಕಾಯಿಯೂ ಅಮೆರಿಕ ಖಂಡಗಳ ಮೂಲದವು. ದೋಸೆಯಾದರೂ ಊರಿನದೇ ಎಂದರೆ, ಬೆಳಗಾವಿಯ ಕಡೆಯಿಂದ 1928ರಲ್ಲಿ ಮಕ್ಕಳೊಂದಿಗೆ ಬಂದ ಚೆನ್ನಮ್ಮನೆಂಬ ತಾಯಿಯು ಹೊಟ್ಟೆಪಾಡಿಗಾಗಿ ಮೊದಲು ರಾಗಿಯ ದೋಸೆಯನ್ನು ಹಾಕಿ ಮಾರಿದಳೆಂದೂ, ಅಕ್ಕಿಯ ಹಿಟ್ಟೂ ಬೆಣ್ಣೆಯೂ ಅನಂತರ ಸೇರಿದುವೆಂದೂ ಊರಿನವರು ಹೇಳುತ್ತಾರೆ. ಹಾಗಾದರೆ ಜಿಲ್ಲೆಯ ಕೀರ್ತಿಪತಾಕೆಯಾದ ಈ ತಿಂಡಿಯು ಬಡವೆಯೊಬ್ಬಳ ವಲಸೆಯ ಕಥೆ. ಬೆಣ್ಣೆಯ ಹೊಳಪನ್ನು ಹತ್ತು ವಾಕ್ಯಗಳಲ್ಲಿ ಬಣ್ಣಿಸುವವರು ಈ ಕಥೆಗೆ ಒಂದು ವಾಕ್ಯವನ್ನು ಕೊಟ್ಟರೆ ನಷ್ಟವೇನು? ಮಂಡಕ್ಕಿಯ ವಿಷಯವೂ ಹೀಗೆಯೇ. ಉಪ್ಪುನೀರು ಹಾಕಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸುವ ಭಟ್ಟಿಗಳ ಮುಂದೆ ಬೇಸಗೆಯಲ್ಲಿಯೂ ಬೆಂಕಿಯನ್ನು ಬಿಡದೆ ನಿಲ್ಲುವ ಮನೆತನಗಳು ದಾವಣಗೆರೆಯಲ್ಲಿವೆ. ಮಂಡಕ್ಕಿಯ ಹಗುರವನ್ನು ಹೊಗಳುವ ಲೇಖನಿಗೆ ಆ ಬೆಂಕಿಯು ತಾಗಿದ ಕುರುಹೇ ಕಾಣದು.

ಇನ್ನು ಸೂಳೆಕೆರೆ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಸಮೀಪದಲ್ಲಿರುವ ಈ ಜಲಾಶಯವು ದಕ್ಷಿಣಭಾರತದ ಅತಿ ದೊಡ್ಡ ಕೆರೆಗಳಲ್ಲಿ ಒಂದು. ಎರಡು ಗುಡ್ಡಗಳ ನಡುವಣ ಕಿರಿದಾದ ಎಡೆಗೆ ಏರಿಯನ್ನು ಹಾಕಿ ಹರಿದ್ರಾವತಿಯನ್ನು ತಡೆದ ಕಾರ್ಯವನ್ನು ಜನರು ಶಾಂತವ್ವೆಯೆಂಬ ಹೆಣ್ಣಿಗೆ ಸಲ್ಲಿಸುತ್ತಾರೆ. ಹೆಸರಿನ ಕಾರಣವನ್ನು ಬೇರೆಬೇರೆ ಬಗೆಯಾಗಿ ಹೇಳುವರು. ಶಾಂತಿಸಾಗರವೆಂಬ ಇನ್ನೊಂದು ಹೆಸರೂ ಬಳಕೆಯಲ್ಲಿದೆ. ಪ್ರವಾಸಿಯು ಹಳೆಯ ಹೆಸರನ್ನು ಕೇಳಿ ನಗುವನು. ಆದರೆ ಆ ನೀರಿನಿಂದ ಭತ್ತ ಬೆಳೆಯುವುದು, ಆ ನೀರಿನಿಂದ ಮೀನು ಬರುವುದು, ಆ ನೀರೇ ಚಿತ್ರದುರ್ಗದವರೆಗೆ ಹೋಗಿ ಅಲ್ಲಿಯ ಮನೆಗಳ ಕೊಡಗಳನ್ನು ತುಂಬುವುದು. ಕೋಟೆಯನ್ನು ನೋಡಿ ದಣಿದು ಚಿತ್ರದುರ್ಗದಲ್ಲಿ ಒಂದು ಲೋಟ ನೀರು ಕುಡಿದವನು, ತಿಳಿಯದೆಯೇ, ತಾನು ನಕ್ಕ ಕೆರೆಯ ಋಣದಲ್ಲಿ ಬಿದ್ದಿರುವ ಸಂಭವವುಂಟು. ಶಾಂತವ್ವೆಯ ಹೆಸರನ್ನು ಊಟದ ವರ್ಣನೆಯಲ್ಲಿ ತರುವುದು ಅಪ್ರಸ್ತುತವೆಂದು ಯಾರಾದರೂ ಹೇಳಿದರೆ, ಪ್ರಸ್ತುತವೆಂದರೇನೆಂಬುದನ್ನೇ ಮೊದಲು ವಿಚಾರಿಸಬೇಕಾದೀತು.

ಈ ಎಲ್ಲದರಿಂದ ಆಗುವ ಹಾನಿಯೇನೆಂಬುದನ್ನು ಈಗ ಹೇಳಬಹುದು. 1997ರಲ್ಲಿ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ಭದ್ರಾನಾಲೆಯ ನೀರು ಹರಿಯುವ ಕಡೆ ಭತ್ತ ಅಡಿಕೆಗಳು; ಜಗಳೂರಿನ ಬೆದ್ದಲಿನಲ್ಲಿ ಜೋಳ, ರಾಗಿ, ನವಣೆ, ಸಾವೆಗಳು; ನ್ಯಾಮತಿಯ ಕಡೆ, ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪದಲ್ಲಿ, ಹಿಂದೆ ಎತ್ತುಗಳ ಮೇಲೆ ಉಪ್ಪುಧಾನ್ಯಗಳನ್ನು ಹೇರಿಕೊಂಡು ದೇಶವನ್ನೆಲ್ಲ ಸುತ್ತಿದ ಲಂಬಾಣಿಗರ ಪುಣ್ಯಕ್ಷೇತ್ರ. ಇಷ್ಟು ಬಗೆಯ ಅಡಿಗೆಮನೆಗಳುಳ್ಳ ಸೀಮೆಯನ್ನು ಒಂದು ಕಾವಲಿಯ ಮೇಲೆ ಹುಯ್ದು ಮುಗಿಸಿದರೆ, ಓದುಗನಿಗೆ ಮೋಸವಾಗುವುದಕ್ಕಿಂತ ಹೆಚ್ಚಾಗಿ ಆತಿಥೇಯನ ಮನಸ್ಸು ಕೆಡುತ್ತದೆ. ಬಂದವರು ಹೊಗಳಿದುದನ್ನೇ ಮಾಡಬೇಕು, ಹೊಗಳದುದು ಬಂದವರ ಮುಂದೆ ಇಡತಕ್ಕದ್ದಲ್ಲ ಎಂಬ ಸಂಕೋಚವು ಮನೆಯೊಳಗೆ ಹೊಗುತ್ತದೆ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನರೆದಲಗವನ್ನು ಭತ್ತವು ಹೀಗಳೆಯಿತು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಬಳಿಕ ಸತ್ತ್ವವನ್ನು ನೋಡಿ ತೀರ್ಪುಕೊಟ್ಟನು. ಈಗಿನ ತೀರ್ಪಿಗೆ ಆರು ತಿಂಗಳು ಬೇಡ, ಅರ್ಧಗಳಿಗೆ ಸಾಕು. ನವಣೆ ಸಾವೆಗಳನ್ನು ಬಡವರ ಕೂಳೆಂದು ತಾತ್ಸಾರಮಾಡಿದ ಪೇಟೆಯವರೇ, ಹೊರಗಿನವರು ಹೊಗಳಿದ ಬಳಿಕ, ಅವನ್ನು ಸಿರಿಧಾನ್ಯಗಳೆಂದು ಕರೆದು ಮಿಗಿಲಾದ ಬೆಲೆಗೆ ಕೊಳ್ಳುತ್ತಿರುವರು. ವಿಶ್ವಸಂಸ್ಥೆಯು 2023ನ್ನು ಅವುಗಳ ವರ್ಷವೆಂದು ಸಾರಿತು. ಹೊಗಳಿಕೆಗೆ ಇಷ್ಟು ಬಲವಿರುವಾಗ ಹೊಗಳುವವನಿಗೆ ಹೊಣೆಯೂ ಇರಬೇಕಷ್ಟೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ವಿನೋದಕ್ಕಾಗಿ ಹೊರಟ ಪ್ರವಾಸಿಯ ತಲೆಯ ಮೇಲೆ ಕೃಷಿ, ಇತಿಹಾಸ, ಸಸ್ಯಶಾಸ್ತ್ರಗಳ ಹೊರೆಯನ್ನು ಹೊರಿಸುವುದು ನ್ಯಾಯವೇ ಎಂಬುದು ಮೊದಲನೆಯದು. ಹೊರೆಯನ್ನು ಯಾರೂ ಹೊರಿಸಲಿಲ್ಲ. ಇಬನ್ ಬತೂತನು ಮೊಸರಿನ ವಿಷಯವಾಗಿ ಬರೆದುದು ಒಂದೇ ವಾಕ್ಯ; ಅಂಥದೊಂದು ವಾಕ್ಯವು ಬಂದರೆ ಸಾಕು. ಅಂಗಡಿಯ ಹೆಸರನ್ನು ಬರೆಯುವುದರಿಂದ ವ್ಯಾಪಾರವು ಬೆಳೆದು ಹತ್ತು ಜನರು ಬದುಕುವರಲ್ಲವೇ ಎಂಬುದು ಎರಡನೆಯದು. ಬದುಕುವುದು ನಿಜ, ಒಳ್ಳೆಯದೂ ನಿಜ. ಹಾಗಿದ್ದಲ್ಲಿ ಅಂಗಡಿಯಿಂದ ಭಟ್ಟಿಗೂ, ಭಟ್ಟಿಯಿಂದ ಗದ್ದೆಗೂ, ಗದ್ದೆಯಿಂದ ಕೆರೆಗೂ ಲೇಖನಿಯು ನಾಲ್ಕು ಹೆಜ್ಜೆ ನಡೆದರೆ ಇನ್ನೂ ನೂರು ಜನರ ಬದುಕಿಗೆ ಮನ್ನಣೆ ದೊರೆಯುವುದೆಂದು ಉತ್ತರ.

ಆದರೆ ದೋಷವನ್ನೆಲ್ಲ ಬಂದವನ ಮೇಲೆಯೇ ಹೊರಿಸುವುದು ಧರ್ಮವಾಗಲಾರದು. ಸಂತೇಬೆನ್ನೂರಿನ ಪುಷ್ಕರಣಿಯ ಎದುರಿಗೆ ಮುಸಾಫಿರಖಾನೆಯು ಇಂದಿಗೂ ನಿಂತಿದೆ. ದಾರಿಹೋಕನಿಗೆ ನೆರಳು ಕೊಡುವುದನ್ನು ಈ ಸೀಮೆಯು ಹೊಸದಾಗಿ ಕಲಿಯಬೇಕಾಗಿಲ್ಲ. ಕಲಿಯಬೇಕಾದುದು ಹೇಳುವುದನ್ನು. ಇಲ್ಲಿಯ ವಿಶೇಷವೇನೆಂದು ಕೇಳಿದವನಿಗೆ ಕೆರೆಬಿಳಚಿಯಲ್ಲಿ ನಿಂತವರೂ ದಾವಣಗೆರೆಯ ಕಡೆಗೇ ಕೈತೋರಿದರೆ ಅವನು ಬೇರೇನನ್ನು ಬರೆಯಬಲ್ಲನು? ಚಾವುಂಡರಾಯನು ಲೋಕೋಪಕಾರದಲ್ಲಿ, ಮಂಗರಸನು ಸೂಪಶಾಸ್ತ್ರದಲ್ಲಿ ಅಡಿಗೆಯನ್ನು ಪದ್ಯವಾಗಿ ಬರೆಯುವುದು ತಮ್ಮ ಪಾಂಡಿತ್ಯಕ್ಕೆ ಕುಂದೆಂದು ತಿಳಿಯಲಿಲ್ಲ. ಜಿಲ್ಲೆಯ ಲೇಖಕರೂ ಲೇಖಕಿಯರೂ ತಮ್ಮ ತಮ್ಮ ಊರುಗಳಲ್ಲಿ ಮಳೆಗಾಲಕ್ಕೆ ಏನನ್ನು ಉಣ್ಣುವರು, ಸುಗ್ಗಿಗೆ ಏನನ್ನು ಮಾಡುವರು, ಬಾಣಂತಿಗೆ ಏನನ್ನು ಕೊಡುವರು, ಬರದ ವರ್ಷದಲ್ಲಿ ಏನನ್ನು ತಿಂದು ಉಳಿದರು ಎಂಬುದನ್ನು ಮುದುಕಿಯರನ್ನು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದಿಡಬೇಕು. ಕೇಳತಕ್ಕವರು ಇನ್ನೂ ಇದ್ದಾರೆ. ಹೇಳತಕ್ಕವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆ ಬರಹಗಳು ಸಿದ್ಧವಾದ ಮೇಲೆ ಬರುವ ಪ್ರವಾಸಿಯು ಸುಮನಸನೋ ಅಲ್ಲವೋ ಎಂಬುದನ್ನು ನಿರ್ಣಯಿಸುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.